ಮುತ್ಯಾನ ಎದೆಗೆ ಬಿಟ್ಟ ಬೆಳಕು

ಮೋಮಿನಪುರದ ತಳ್ಳುಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆಗೊನೆ ಕೊಯ್ಯುವಾಗ ಸೊನೆಯ ಒಗರು ವಾಸನೆ ಬರುತ್ತದೆ. ಹಣ್ಣು ಕೊಳ್ಳಲು ಹೋದವಳು ಅಲ್ಲೇ ನಿಂತುಬಿಡುತ್ತೇನೆ. ಆ ವಾಸನೆ ನನಗೆ ಹಣ್ಣಿನದಲ್ಲ, ಬಂದೂಕಿನದು. ನಗಬೇಡಿ. ಕಮಲಾಪುರದ ನಮ್ಮ ಮನೆಯಲ್ಲಿ ಅಣ್ಣ ಬಾಳೆಯೆಲೆಯ ದಂಟಿಗೆ ಸೀಮೆಎಣ್ಣೆಯ ತಗಡಿನ ಲಾಳಿಕೆ ಸಿಕ್ಕಿಸಿ ಬಂದೂಕು ಮಾಡಿದ್ದ. ನಕ್ಷತ್ರಗಳಲ್ಲಿ ಯುದ್ಧ ಮಾಡುವ ಸಿಪಾಯಿಗಳದಂತೆ ಅದು. ಗುಂಡಿಲ್ಲ, ಸದ್ದಿಲ್ಲ, ಬರೀ ಬೆಳಕು. ಅದರ ಹೆಸರು ಲೇಸರ್ ಎಂದು ಅವನ ಮಾಸ್ತರು ಹೇಳಿದ್ದರು. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು, ಅಣ್ಣ ಹೇಳಿದ್ದೇ ನನಗೆ ಪಾಠ.

ಆಟ ನಡೆಯುತ್ತಿದ್ದುದು ಅಂಗಳದ ನೆರಳಿನಲ್ಲಿ. ಬಂದೂಕು ಅಣ್ಣನ ಕೈಯಲ್ಲಿ, ಬೆಳಕು ನನ್ನ ಕೈಯಲ್ಲಿ. ಮಾಳಿಗೆಯ ಮೇಲೆ ಬಿಸಿಲಿಗೆ ಕೂತು, ಅವ್ವನ ಕನ್ನಡಿ ತಿರುಗಿಸಿ, ಅವನು ಗುರಿಯಿಟ್ಟವರ ಎದೆಗೆ ಬೆಳಕು ಬಿಡುವುದು ನನ್ನ ಕೆಲಸ. ಬೆಳಕು ತಾಗಿದವರು ಯಾರೇ ಆಗಲಿ, ಸಾಯಲೇಬೇಕು. ಬಂದೂಕು ಹಿಡಿದವರು ಏಳು ಅನ್ನುವವರೆಗೆ ಏಳುವಂತಿಲ್ಲ. ನನಗೆ ಕನ್ನಡಿ ಸಾಕಾಗಿತ್ತು, ಬಂದೂಕು ಬೇಕಾಗಿತ್ತು. ಅದಕ್ಕೇ ಅಣ್ಣ ಒಂದು ದಿನ, "ಇವತ್ತ ಒಂದ್ ಸಲನೂ ಗುರಿ ತಪ್ಪಬ್ಯಾಡ, ಬಂದೂಕ ನಿಂದೇ," ಎಂದ.

ಓಣಿಯ ಹುಡುಗರೆಲ್ಲ ವೈರಿಗಳು. ಒಬ್ಬೊಬ್ಬರನ್ನೇ ಕೆಡವಿದೆವು. ಅವರ ಸೇನಾಪತಿ ಒಬ್ಬ ಉಳಿದಿದ್ದಾಗ ಮುತ್ಯಾ ಬಂದ. ಅಪ್ಪನ ಅಪ್ಪ, ಅವನ ದನಿ ಕೇಳಿದರೆ ಎತ್ತುಗಳೂ ಮೇವು ಬಿಟ್ಟು ನಿಲ್ಲುತ್ತಿದ್ದವು. "ಸಾಕ್ ಮಾಡ್ರಿ ಮಂಗ್ಯಾನಾಟ! ದನಕ್ಕ ನೀರ ಯಾರು ಕುಡಸ್ತಾರ, ನಿಮ್ಮಪ್ಪ?" ಎನ್ನುತ್ತ ಬಡಿಗೆ ಹಿಡಿದು ಅಣ್ಣನತ್ತ ನಡೆದ.

ಆಟ ಕೆಟ್ಟರೆ ಬಂದೂಕು ಹೋಯಿತು. ಅಣ್ಣ ಗುರಿಯಿಡದವರಿಗೆ ಬೆಳಕು ಬಿಟ್ಟರೂ ಹೋಯಿತು. ಹೇಗೂ ಹೋಗುವುದೇ ಎಂದು ಕನ್ನಡಿ ಹೊರಳಿಸಿ ಮುತ್ಯಾನ ಎದೆಗೇ ಬಿಟ್ಟೆ. ಮುತ್ಯಾ ತನ್ನ ಎದೆ ನೋಡಿಕೊಂಡ, ತಲೆಯೆತ್ತಿ ನನ್ನನ್ನು ನೋಡಿದ. ಬಡಿಗೆ ಗೋಡೆಗೆ ಆನಿಸಿದ, ರುಮಾಲು ತೆಗೆದು ಕಲ್ಲಿನ ಮೇಲಿಟ್ಟ, ಧೋತರ ಸಾವರಿಸಿಕೊಂಡು ಸತ್ತ. ಮೊಣಕಾಲು ನೋವಿನವನು, ಸಾಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಮುತ್ಯಾ ವೈರಿ ಅಲ್ಲ! ಗುರಿ ತಪ್ಪೀದಿ!" ಅಣ್ಣ ನನ್ನತ್ತ ಕೂಗಿದ.

"ತಪ್ಪಿಲ್ಲಲೇ, ನೆಟ್ಟಗ ಎದಿಗೇ ಬಿದ್ದದ. ಬಂದೂಕ ಆಕಿಗಿ ಕೊಡು," ಎಂದ ಮುತ್ಯಾ, ಕಣ್ಣು ಮುಚ್ಚಿಕೊಂಡೇ.

"ಸತ್ತವ್ರು ಮಾತಾಡಬಾರ್ದು, ಮುತ್ಯಾ," ಎಂದ ಅಣ್ಣ.

"ಕೊಡು, ಸುಮ್ಮನಾಗ್ತೀನಿ."

ಇಳಿದು ಬಂದು ತೆಗೆದುಕೊಂಡೆ. ಕೈಗೆಲ್ಲ ಸೊನೆ ಹತ್ತಿತು. ಮೀಸೆಯ ಮೇಲೆ ನೊಣ ಕೂತರೂ ಮುತ್ಯಾ ಅಲುಗಲಿಲ್ಲ. ಮನಸ್ಸು ತಣಿಯುವಷ್ಟು ಹೊತ್ತು ಬಂದೂಕು ಹಿಡಿದು ತಿರುಗಾಡಿ, ಕೊನೆಗೆ "ಏಳು ಮುತ್ಯಾ" ಎಂದೆ. ಎದ್ದು, ಅಣ್ಣನಿಗೆ ಬೈಯುತ್ತ, ದನಕ್ಕೆ ತಾನೇ ನೀರು ಕುಡಿಸಲು ಹೋದ.

ಈಗ ಆ ಮನೆ ಇಲ್ಲ, ರಸ್ತೆಗೆ ಹೋಯಿತು. ಅಣ್ಣನೂ ಇಲ್ಲ. ಮುತ್ಯಾ ನಿಜವಾಗಿ ತೀರಿಕೊಂಡದ್ದು ಎರಡು ಸುಗ್ಗಿ ಕಳೆದ ಮೇಲೆ. ನಮ್ಮಲ್ಲಿಯ ಪದ್ಧತಿಯಂತೆ ಅವನನ್ನು ಅಂಗಳದ ಗೋಡೆಗೆ ಆನಿಸಿ ಕೂಡಿಸಿದ್ದರು. ನಾನು ಏಳು ಎನ್ನಲಿಲ್ಲ. ಅಂದರೂ ಏಳುವುದಿಲ್ಲ ಎಂದು ತಿಳಿಯುವಷ್ಟು ದೊಡ್ಡವಳಾಗಿದ್ದೆ. ಹೊತ್ತು ಏರಿ ಬಿಸಿಲು ಅವನ ಮುಖಕ್ಕೆ ಬಂತು. ಎದುರಿಗೆ ಹೋಗಿ ನೆರಳಾಗಿ ನಿಂತೆ.