ತೋಟಪ್ಪನವರ ಸಿಂಫನಿ ಪ್ಲೇಟು

ತೋಟಪ್ಪನವರಿಗೆ ಹೊಟ್ಟೆ ಸರಿಯಿಲ್ಲವೆಂದೇ ನಾನು ಬಹಳ ದಿನ ತಿಳಿದಿದ್ದೆ. ಎದುರು ಸಿಕ್ಕಾಗಲೆಲ್ಲ ಹಳಸಿದ ಸಾರು ಬಾಯಿಗೆ ಹೋದವರ ಹಾಗೆ ಮುಖ ಮಾಡುತ್ತಿದ್ದರು. ಓಂಕಾಳು ಅಗಿಯಿರಿ ಎಂದು ಸಲಹೆಯನ್ನೂ ಕೊಟ್ಟಿದ್ದೆ. ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಅವರಿಗೆ ಜೀರ್ಣವಾಗದಿದ್ದದ್ದು ಮನುಷ್ಯರ ಗದ್ದಲ.

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಅವರು ಮಗ್ಗದ ಖಾತೆಯ ಮೇಸ್ತ್ರಿ. ಹಗಲೆಲ್ಲ ಮಗ್ಗಗಳ ಬಡಿತ. ಮನೆಗೆ ಬಂದರೆ ಹೆಂಡತಿಯ ಅಣ್ಣ, ಹತ್ತಿ ದಲಾಲಿ ಉಜ್ಜನಪ್ಪನವರ ಬಡಾಯಿ. ಎರಡರಲ್ಲಿ ಮಗ್ಗವೇ ವಾಸಿ, ಅದು ಊಟದ ಹೊತ್ತಿಗಾದರೂ ನಿಲ್ಲುತ್ತದೆ ಎನ್ನುವುದು ಅವರ ಅಭಿಪ್ರಾಯ.

ಅರವತ್ತಮೂರನೆಯ ಇಸವಿಯ ಸುಮಾರಿಗೆ ಗಿರಣಿ ಕೆಲಸದ ಮೇಲೆ ಹರಿಹರಕ್ಕೆ ಹೋದಾಗ, ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಎಂಜಿನಿಯರನ ಜಗಲಿಯಲ್ಲಿ ಕಾಯಬೇಕಾಯಿತು. ಒಳಗೆ ಗ್ರಾಮಫೋನಿನ ಮೇಲೆ ಹತ್ತೊಂಬತ್ತನೆಯ ಶತಮಾನದ ಒಂದು ಸಿಂಫನಿಯ ಪ್ಲೇಟು ತಿರುಗುತ್ತಿತ್ತು. ನೂರು ಜನ ಕೂಡಿ ಬಾರಿಸುವಂಥದ್ದು. ಮೊದಲಿಗೆ ಮದುವೆಮನೆಯ ಗಲಾಟೆಯೇ ಅನ್ನಿಸಿತು. ನಡುವೆ ಒಂದು ಕಡೆ ಆ ನೂರು ಜನವೂ ದನಿ ತಗ್ಗಿಸಿ, ಮಲಗಿದ ಕೂಸಿನ ಪಕ್ಕ ಓಡಾಡುವವರ ಹಾಗೆ ನುಡಿಸತೊಡಗಿದರು. ಅಷ್ಟು ಜನ ಒಂದೆಡೆ ಸೇರಿಯೂ ಮೆಲ್ಲಗಿರಬಲ್ಲರು ಎಂಬುದು ತೋಟಪ್ಪನವರಿಗೆ ಹೊಸ ಸುದ್ದಿ. ಅದೊಂದನ್ನು ಮನೆಗೆ ತರಲೇಬೇಕೆಂಬ ಹಟ ಹಿಡಿಯಿತು.

ಹಳೆಯ ಪ್ಲೇಯರ್ ಸಿಕ್ಕಿತು. ಪ್ಲೇಟು ಮಾತ್ರ ಕೈಗೆಟುಕದ ಬೆಲೆ. ಕೊನೆಗೆ ಹರಿಹರದ ರೇಡಿಯೋ ಅಂಗಡಿಯ ನಾಗರಾಜಪ್ಪ, ಅದೇ ಸಿಂಫನಿಯ ಎರಡು ಅಗ್ಗದ ಪ್ಲೇಟು ಬಂದಿವೆಯೆಂದು ಹೇಳಿಕಳಿಸಿದ. ಒಂದರಲ್ಲಿ ಸಿಂಫನಿ ಪೂರ್ತಿ, ಬಾರಿಸಿದವರು ಹೆಸರಿಲ್ಲದವರು. ಇನ್ನೊಂದರಲ್ಲಿ ಹೆಸರಾಂತ ಮೇಳ, ಆದರೆ ಜೋರಿನ ಭಾಗಗಳಷ್ಟೇ.

"ಅಣ್ಣನ್ನ ಕರ್ಕೊಂಡು ಹೋಗ್ರಿ," ಎಂದರು ಹೆಂಡತಿ ಬಸವಣ್ಣೆಮ್ಮ. "ಅವನು ಮುಟ್ಟಿ ನೋಡಿದ ಮಾಲು ಮೋಸ ಆಗಲ್ಲ."

ಉಜ್ಜನಪ್ಪನವರು ಹತ್ತಿ ಅಂಡಿಗೆಯ, ಅಂದರೆ ಮಾರಲು ತಂದ ದೊಡ್ಡ ಮೂಟೆಯ, ಮೇಲ್ಭಾಗವನ್ನು ಎಂದೂ ನೋಡಿದವರಲ್ಲ. ಮೊಳಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಕಿತ್ತೇ ದರ ಹೇಳುವವರು.

"ಮೊದಲಿಂದ ಹಾಕ್ಲೇನ್ರಿ?" ಎಂದ ನಾಗರಾಜಪ್ಪ, ಇಬ್ಬರೂ ಅಂಗಡಿಗೆ ಬಂದು ನಿಂತಾಗ.

"ಬ್ಯಾಡ. ಮೇಲೆ ಎಲ್ಲರೂ ಒಳ್ಳೆ ಮಾಲೇ ಇಟ್ಟಿರ್ತಾರೆ," ಎಂದು ಉಜ್ಜನಪ್ಪನವರು ನಶ್ಯ ಮೆತ್ತಿದ ಬೆರಳಿನಿಂದ ತಾವೇ ಪ್ಲೇಯರಿನ ಮುಳ್ಳನ್ನು ಎತ್ತಿ ಪೂರ್ತಿ ಪ್ಲೇಟಿನ ನಟ್ಟನಡುವೆ ಕುಕ್ಕಿದರು.

ಅದೇ ಜಾಗ. ನೂರು ಜನ ಮೆಲ್ಲಗೆ ನುಡಿಸುತ್ತಿದ್ದರು. ತೋಟಪ್ಪನವರು ಉಸಿರು ಬಿಗಿಹಿಡಿದರು.

"ಏನೈತೆ ಇದ್ರಾಗೆ? ಖಾಲಿ ಚೀಲ," ಎಂದ ಉಜ್ಜನಪ್ಪನವರು ಮುಳ್ಳನ್ನು ಎತ್ತದೆ ಹಾಗೆಯೇ ಪಕ್ಕಕ್ಕೆ ಎಳೆದರು. ಹೊಸ ಧೋತರ ಹರಿದಂಥ ಸದ್ದು.

ಎರಡನೆಯ ಪ್ಲೇಟು ಕಹಳೆ, ನಗಾರಿಗಳಿಂದ ಅಬ್ಬರಿಸಿತು. ಉಜ್ಜನಪ್ಪನವರು ತೊಡೆ ತಟ್ಟುತ್ತಾ, ಮೂಗಿನಿಂದ ನಶ್ಯ ಉದುರಿಸುತ್ತಾ ಅರಳಿದರು. "ಇದು ನೋಡ್ರಿ ತುಂಬಿದ ಮಾಲು. ಇದನ್ನ ಕಟ್ಟು."

"ಗೀರು ಬಿದ್ದದ್ದನ್ನ ನಾನು ಯಾರಿಗೆ ಮಾರ್ಲಿ ಸಾವ್ಕಾರ್ರೆ?" ಎಂದು ನಾಗರಾಜಪ್ಪ ಮೊದಲ ಪ್ಲೇಟನ್ನು ಎತ್ತಿ ತೋರಿಸಿದ.

"ಗೀರು ಬೀಳೋ ಮಾಲು ಅಂಗಡ್ಯಾಗೆ ಯಾಕ ಇಟ್ಟಿದೀಯ?"

ತೋಟಪ್ಪನವರು ಆ ಪ್ಲೇಟನ್ನು ಮತ್ತೆ ಹಾಕಿ, ಗೀರಿನ ಮೇಲೆ ಮುಳ್ಳನ್ನು ಇಟ್ಟರು. ಸುತ್ತಿಗೊಮ್ಮೆ ಟಿಕ್ ಎನ್ನುತ್ತಿತ್ತು. ಅದರಡಿಯಲ್ಲಿ ಆ ಜನ ಇನ್ನೂ ಮೆಲ್ಲಗೇ ಇದ್ದರು.

"ನಾಗರಾಜಪ್ಪನೋರೆ, ಇದನ್ನೇ ಕಟ್ರಿ. ಪೂರಾ ಬೆಲೆ ತಗೊಳ್ರಿ."

ಉಜ್ಜನಪ್ಪನವರ ಮುಖ ಕೆಂಪಾಯಿತು. ತಾವು ತೆಗೆದುಹಾಕಿದ ಮಾಲನ್ನು ಸ್ವಂತ ತಂಗಿಯ ಗಂಡನೇ ಕೊಂಡರೆ ಪೇಟೆಯಲ್ಲಿ ತಮ್ಮ ಗತಿಯೇನು? ಬಸ್ಸಿನಲ್ಲಿ ದಾವಣಗೆರೆಯ ತನಕ ಅದನ್ನೇ ಹೇಳಿದರು. ಹಿಂದಿನ ಸೀಟಿನವರಿಗೂ ಹೇಳಿದರು. ತೋಟಪ್ಪನವರು ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಇಳಿಯುವ ಹೊತ್ತಿಗೆ ಉಜ್ಜನಪ್ಪನವರು ಕೊನೆಯ ಸಲ ಕೇಳಿದರು: "ಅಲ್ರೀ ತೋಟಪ್ಪನೋರೆ, ಸದ್ದಿಲ್ಲ, ಗದ್ದಲಿಲ್ಲ, ಅಂಥಾದ್ದು ಅದ್ರಾಗೆ ಏನೈತೆ ಅಂತ ತಗೊಂಡ್ರಿ?"

"ಗೀರು ಬಿಟ್ರೆ ಅದ್ರಾಗೆ ನೀವು ಎಲ್ಲೂ ಇಲ್ಲ, ಭಾವ. ಅದಕ್ಕ ತಗೊಂಡೆ."