ಆನ್ಸೆಲ್ಮ್ ಬಾಯಿಂದ ಜಾರಿದ ‘ಹೌದು’

ಫ್ರಾನ್ಸಿನ ನಾರ್ಮಂಡಿಯ ಕರಾವಳಿ ರಸ್ತೆಯಲ್ಲಿ ಆನ್ಸೆಲ್ಮ್ ಲೆಹೂ ಇಪ್ಪತ್ತಾರು ವರ್ಷಗಳಿಂದ ದಂಡಯಾತ್ರೆ ನಡೆಸುತ್ತಿದ್ದಾನೆ. ದಂಡು ಎಂದರೆ ಎಂಟು ಜನ ಪ್ರವಾಸಿಗರು. ರಥವೆಂದರೆ ಒದ್ದರೆ ಮಾತ್ರ ಬಾಗಿಲು ತೆರೆಯುವ ಬಿಳಿ ವ್ಯಾನು. ಎರಡನೆಯ ಮಹಾಯುದ್ಧದಲ್ಲಿ ಯಾವ ಪಡೆ ಯಾವ ಮರಳಿಗೆ ಬಂದಿಳಿಯಿತೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಆದರೆ ಅವನ ಬಾಯಿಂದ ಒಂದು ‘ಹೌದು’ ಹೊರಡಿಸುವುದು ಯಾವ ಸೈನ್ಯದಿಂದಲೂ ಆಗದ ಕೆಲಸ. ಆ ಸೀಮೆಯವರೇ ಹಾಗೆ. ತೊಪ್ಪೆಯಾಗಿ ನೆನೆದು ನಿಂತವನನ್ನು ಮಳೆಯೇ ಎಂದು ಕೇಳಿ, “ಇದ್ರೂ ಇರಬಹುದು, ಇಲ್ದೇನೂ ಇರಬಹುದು” ಎನ್ನುತ್ತಾನೆ.

ಅಂಥ ಆನ್ಸೆಲ್ಮ್ ಹೋದ ವರ್ಷ ಜಾರಿದ. ಅಮೆರಿಕದ ನೆಬ್ರಾಸ್ಕದಿಂದ ಬಂದ ಎಂಬತ್ತರ ಡೋರಿಸ್, ಇಲ್ಲಿನ ಒಮಾಹಾ ಎಂಬ ಕಡಲದಂಡೆಯ ದಿಬ್ಬವೊಂದರ ಬುಡದಲ್ಲಿ ನಿಂತು, ತಾನು ಮುಖವೇ ಕಾಣದ ಅಪ್ಪ ಸತ್ತದ್ದು ಇಲ್ಲೇನಾ ಎಂದು ಕೇಳಿದಳು. ಅವಳ ಗಲ್ಲ ನಡುಗುತ್ತಿತ್ತು. ಇವನು “ಹೌದು” ಎಂದುಬಿಟ್ಟ.

ಈಗ ಡೋರಿಸ್ ಮರಳಿ ಬಂದಿದ್ದಾಳೆ, ಮಡಿಲಲ್ಲಿ ಅಮ್ಮನ ಬೂದಿಯ ಡಬ್ಬಿ ಇಟ್ಟುಕೊಂಡು. ಅಪ್ಪನಿದ್ದಲ್ಲೇ ಅಮ್ಮನನ್ನೂ ಸೇರಿಸಬೇಕಂತೆ. ಮುಂಚಿತವಾಗಿ ಬರೆದ ಪತ್ರದಲ್ಲಿ ಅಪ್ಪನ ಪಡೆಯ ಹೆಸರೂ ಇತ್ತು. ಆ ಪಡೆ ಇಳಿದದ್ದು ಯೂಟಾ ಎಂಬ ಬೇರೆಯೇ ದಂಡೆಯಲ್ಲಿ, ಆ ದಿಬ್ಬದಿಂದ ಒಂದು ಗಂಟೆಯ ದಾರಿ.

“ನಿಜ ಹೇಳ್ಬಿಡು,” ಎಂದಿದ್ದಳು ಬೆಳಿಗ್ಗೆ ಹೆಂಡತಿ ಸೊಲಾಂಜ್.

“ಹೆಂಗೆ ಹೇಳ್ಲೇ?”

“ಬಾಯಿಂದ. ಚೀಸ್ ತುರುಕೋಕೆ ಮಾತ್ರ ಇಟ್ಕೊಂಡಿದೀಯಾ ಅದನ್ನ?”

ವೀರ ಆನ್ಸೆಲ್ಮ್ ಯುದ್ಧತಂತ್ರ ಹೂಡಿದ. ದಿಬ್ಬ ಬಂದರೂ ನಿಲ್ಲಿಸದೆ, ಯೂಟಾದತ್ತ ವ್ಯಾನು ಓಡಿಸಿದ.

“ಆನ್ಸೆಲ್ಮ್, ನಮ್ಮ ದಿಬ್ಬ ಹಿಂದೆ ಹೋಯ್ತಲ್ಲ?” ಎಂದಳು ಡೋರಿಸ್.

ತಂತ್ರ ಅಲ್ಲಿಗೇ ಮುಗಿಯಿತು. ವ್ಯಾನು ತಿರುಗಿತು.

ದಿಬ್ಬದ ಬುಡದಲ್ಲಿ ಡೋರಿಸ್, “ಇನ್ನೊಂದ್ಸಲ ಹೇಳಿ. ಅಪ್ಪ ಇಲ್ಲೇ ಅಲ್ವಾ?” ಎಂದಳು.

‘ಇಲ್ಲ’ ಎಂಬ ಪದ ಗಂಟಲವರೆಗೆ ಬಂದು ಅಲ್ಲೇ ಬೀಡುಬಿಟ್ಟಿತು. “ಇದ್ರೂ ಇರಬಹುದು ಮೇಡಂ,” ಎಂದ ಬೆವರುತ್ತ, “ಇಲ್ದೇನೂ ಇರಬಹುದು.”

ಡೋರಿಸ್ ಮುಖ ಅರಳಿತು. “ಹೋದ್ಸಲಾನೇ ಸೊಲಾಂಜ್ ಹೇಳಿದ್ರು. ನಿಮ್ಮೋರು ಹೀಗಂದ್ರೆ ಖಂಡಿತ ಹೌದು ಅಂತಾನೇ ಅರ್ಥವಂತೆ.”

“ಅಲ್ಲ ಮೇಡಂ, ಈ ಸಲ ನಾನು…”

“ನನ್ನ ಮಂಡಿ ಬಗ್ಗಲ್ಲ ಆನ್ಸೆಲ್ಮ್. ನೀವೇ ತೋಡಿಕೊಡ್ತೀರಾ?”

ಅವಳು ಚೀಲದಿಂದ ಪುಟ್ಟ ಕರಣೆ ತೆಗೆದು ಅವನ ಕೈಗಿಟ್ಟಳು. ಆನ್ಸೆಲ್ಮ್ ಮಂಡಿಯೂರಿ ಮರಳು ಕೆದಕತೊಡಗಿದ.

“ಇನ್ನೊಂಚೂರು ಆಳ,” ಎಂದಳು ಡೋರಿಸ್. “ಅಮ್ಮ ಸಾಯೋವರೆಗೂ ಎಪ್ಪತ್ನಾಲ್ಕು ವರ್ಷ ಕಾದಿದ್ಲು.”

ಅವನು ಇನ್ನೊಂಚೂರು ಆಳ ತೋಡಿದ.