ಕಪಂಪನನ್ನು ಬಲ್ಲವರು

ಲ್ವಾಂಶ್ಯಾ ಊರಿನ ಗಣಿಯೊಳಕ್ಕೆ ಇಳಿಯುವ ಶಾಫ್ಟು ಮುಚ್ಚಿದ ವರ್ಷವೇ ಲಾಮೆಕ್ ಕಪಂಪನ ಹೆಂಡತಿ ಫೆಬಿ ತೀರಿಕೊಂಡಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರಾದರೂ ಕೇಳಿದರೆ ಅವನು ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ಎರಡಕ್ಕೂ ಅವನು ಅಳಲಿಲ್ಲ. ಸಾವಿನ ಮನೆಯೊಳಗೆ ಹೆಂಗಸರು ನೆಲಕ್ಕೆ ಬಿದ್ದು ಗೋಳಾಡುತ್ತಿದ್ದಾಗ ಅವನು ಅಂಗಳದಲ್ಲಿ ಗಂಡಸರ ಜೊತೆ ಬೆಂಕಿಯ ಮುಂದೆ ಕೂತಿದ್ದ. ಏನು ಕೇಳಿದರೂ ಹೂಂ ಎನ್ನುತ್ತಿದ್ದ. ಜನ ಚದುರಿದ ಮೇಲೂ ಹಾಗೆಯೇ ಉಳಿದ. ಬೆಳಿಗ್ಗೆ ಮಾವಿನ ಮರದ ಕೆಳಗೆ ಸ್ಟೂಲು ಹಾಕುವುದು, ನೆರಳು ಸರಿದಂತೆ ಸ್ಟೂಲೂ ಸರಿಸುವುದು, ಅಷ್ಟೇ ದಿನಚರಿ.

ಗಣಿಯಾಳುಗಳನ್ನು ಭೂಮಿಯೊಳಗೆ ಇಳಿಸಿ ಮತ್ತೆ ಮೇಲೆತ್ತುವ ಯಂತ್ರ ನಡೆಸುವುದು ಅವನ ಕೆಲಸವಾಗಿತ್ತು. ಕೆಳಗಿನಿಂದ ಗಂಟೆ ಬಡಿದರೆ ಇವನು ಹಿಡಿ ಎಳೆಯಬೇಕು. ಉಕ್ಕಿನ ಹಗ್ಗ ಸುತ್ತಿಕೊಂಡು, ಆಳುಗಳು ನಿಂತ ಕಬ್ಬಿಣದ ಕೇಜು ಮೇಲೆ ಬರುತ್ತಿತ್ತು. ಹರೆಯದಲ್ಲಿ ಹಿಡಿದ ಹಿಡಿಯನ್ನು ತಲೆ ನರೆತ ಮೇಲೆ ಬಿಟ್ಟಿದ್ದ.

ಚಾಂಬಿಶಿ ಕಡೆ ಹೊಸದೊಂದು ಶಾಫ್ಟು ತೆರೆಯುತ್ತಿದೆ, ಜನ ಬೇಕಂತೆ ಎಂಬ ಸುದ್ದಿ ತಂದವಳು ಮಗಳು ಮ್ವೆನ್ಯ. ಶಾಲೆಯಲ್ಲಿ ಪಾಠ ಹೇಳುವವಳು. ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ದನಿಯಲ್ಲೇ ಅಪ್ಪನನ್ನೂ ಎಬ್ಬಿಸಿದಳು. ಬಯೋಡೇಟಾ ಬೇಕು, ಅದಿಲ್ಲದೆ ಗೇಟಿನ ಹತ್ತಿರವೂ ಬಿಡುವುದಿಲ್ಲ ಎಂದಳು. ಕಪಂಪ ಯಾವತ್ತೂ ಬಯೋಡೇಟಾ ಬರೆದವನಲ್ಲ. ಅವನ ಕಾಲದಲ್ಲಿ ಚಿಕ್ಕಪ್ಪ ಕರೆದುಕೊಂಡು ಹೋಗಿ ನಿಲ್ಲಿಸಿದ್ದ, ಸಾಹೇಬರು ಅವನ ಅಂಗೈ ನೋಡಿ ಒಳಗೆ ಬಿಟ್ಟಿದ್ದರು.

ಮಾರುಕಟ್ಟೆಯ ಪಕ್ಕ ಎಕ್ಸಿಲ್ಡಾಳ ಟೈಪಿಂಗ್ ಅಂಗಡಿ. ಊರಿನ ಅರ್ಧ ಜನರ ಬಯೋಡೇಟಾ ಅವಳ ಕೈಯಲ್ಲೇ ಹುಟ್ಟಿದ್ದು. ಎರಡು ಪುಟ ಮೀರಬಾರದು, ಎಲ್ಲಕ್ಕಿಂತ ಈಚಿನ ಕೆಲಸ ಮೊದಲು ಬರಬೇಕು, ಯಾವ ಕೆಲಸಕ್ಕೆ ಅರ್ಜಿಯೋ ಅದಕ್ಕೆ ಬೇಕಾದ್ದು ಮಾತ್ರ ಇರಬೇಕು, ಜಂಬ ಬೇಡ, ಸುಳ್ಳಂತೂ ಬೇಡವೇ ಬೇಡ ಎಂದು ಅವಳು ಕುರ್ಚಿ ಎಳೆದುಕೊಳ್ಳುತ್ತಲೇ ಹೇಳಿದಳು. ಮದುವೆಯ ವಿವರ ಕೇಳಿದ್ದಕ್ಕೆ ಕಪಂಪ, ಚಪ್ಪಲಿಯ ಅಳತೆ ಹೇಳುವ ಹಾಗೆ, "ಹೆಂಡ್ತಿ ಹೋದ್ಲು" ಎಂದ. ಮ್ವೆನ್ಯ ಮುಖ ಆಚೆ ತಿರುಗಿಸಿದಳು.

"ಕೆಲಸದಲ್ಲಿ ಏನೇನು ಸಾಧಿಸಿದ್ರಿ, ಬಾಶಿ ಮ್ವೆನ್ಯ?" ಎಂದು ಎಕ್ಸಿಲ್ಡಾ ಕೇಳಿದಳು. ಊರಿನವರಂತೆ ಅವಳೂ ಅವನನ್ನು ಮಗಳ ಹೆಸರಿನಿಂದಲೇ, ಮ್ವೆನ್ಯಳ ಅಪ್ಪ ಎಂದು ಕರೆಯುತ್ತಿದ್ದಳು.

"ಇಳಿಸ್ದೆ, ಹತ್ತಿಸ್ದೆ."

"ಅದನ್ನ ಲಿಫ್ಟೂ ಮಾಡುತ್ತೆ. ನೀವೇನು ಮಾಡಿದ್ರಿ ಹೇಳಿ."

ಕಪಂಪ ನೆನಪು ತೆಗೆಯಲು ಹೋದರೆ ಕೈಗೆ ಏನೂ ತಗಲುತ್ತಿರಲಿಲ್ಲ. ಕಡೆಗೆ, "ನನ್ನ ಪಾಳಿಯಲ್ಲಿ ಯಾರೂ ಬೀಳ್ಲಿಲ್ಲ" ಎಂದ. ಎಕ್ಸಿಲ್ಡಾ ಅದನ್ನು ಒಂದು ಸಾಲು ಮಾಡಿ, ಮೊದಲ ಪುಟದ ಮೇಲ್ಭಾಗದಲ್ಲೇ ಇಟ್ಟಳು.

ತೊಡಕಾದದ್ದು ಕೊನೆಗೆ. ಅವನ ಕೆಲಸ ಬಲ್ಲ ಇಬ್ಬರ ಹೆಸರು, ಫೋನ್ ನಂಬರು ಬೇಕು. ಅವನು ಒಂದೊಂದೇ ಹೆಸರು ಹೇಳಿದ. ಮ್ವೆನ್ಯ ಒಂದೊಂದಕ್ಕೂ ಇಲ್ಲವೆಂದು ತಲೆಯಾಡಿಸಿದಳು. ಒಬ್ಬ ಎದೆರೋಗದಲ್ಲಿ ಹೋದ, ಇನ್ನೊಬ್ಬ ಬಸ್ಸಿನಡಿ ಹೋದ.

"ಬದುಕಿರೋರು ಯಾರಾದ್ರೂ ಇದ್ರೆ ಹೇಳಿ" ಎಂದಳು ಎಕ್ಸಿಲ್ಡಾ. "ಸ್ವರ್ಗಕ್ಕೆ ನೆಟ್‌ವರ್ಕ್ ಇಲ್ಲ."

ಒಬ್ಬ ಸಿಕ್ಕಿದ, ಸಿಚೋನೆ ಎಂಬ ಹಳೆಯ ಪಾಳಿ ಮೇಸ್ತ್ರಿ. ದೂರದ ನಕೊಂಡೆಯಲ್ಲಿ ಅಂಗಡಿ ಇಟ್ಟಿದ್ದ, ಫೋನಿನಲ್ಲೇ ಒಪ್ಪಿಕೊಂಡ. ಎರಡನೆಯವನು ಇಂಜಿನಿಯರ್ ಮುಲೊಲಾನಿ ಎಂದ ಕಪಂಪ. ಮ್ವೆನ್ಯಳಿಗೆ ಆ ಹೆಸರಿನ ಗುರುತಿರಲಿಲ್ಲ. ಊರಲ್ಲೇ ಮನೆ, ಮುಖತಃ ಕೇಳುವುದೇ ಮರ್ಯಾದೆ ಎಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಬ್ಬನೇ ಹೊರಟ.

ಬಾಗಿಲಿಗೆ ಬಂದವಳು ಮುಲೊಲಾನಿಯ ಹೆಂಡತಿ ಬಾನಾ ಚೋಲಾ. ಕೂರಿಸಿದಳು. ಸಾಹೇಬರು ಇದ್ದಾರಾ ಎಂದು ಅವನು ಕೇಳಿದ. ಅವಳು ಒಳಗೆ ಹೋಗಿ ಒಂದು ಬಟ್ಟಲು ಮುಂಕೊಯೊ ತಂದು, ಅತಿಥಿಗೆ ಕೊಡುವ ಪದ್ಧತಿಯಂತೆ ಮೊಣಕಾಲೂರಿ ಅವನ ಮುಂದಿಟ್ಟಳು. ಹುಳಿಮಿಶ್ರಿತ ಸಿಹಿಯ ಆ ಪಾನೀಯವನ್ನು ಅವನು ಅರ್ಧ ಕುಡಿಯುವವರೆಗೆ ಕಾದಳು.

"ಬಾಶಿ ಮ್ವೆನ್ಯ, ಅವರ ಶವಪೆಟ್ಟಿಗೆ ಹೊತ್ತೋರಲ್ಲಿ ನೀವೂ ಇದ್ರಿ."

ಆಗ ನೆನಪಾಯಿತು. ಕೆಂಪು ಮಣ್ಣು, ಹೆಗಲಿಗೆ ಒತ್ತಿದ ಮರದ ಅಂಚು, ಮುಂದೆ ನಡೆಯುತ್ತಿದ್ದವನ ಹರಿದ ಕಾಲರು. ಎಲ್ಲ ಇತ್ತು. ಫೆಬಿಯ ಸಾವಿನ ಆಸುಪಾಸಿನದೆಲ್ಲ ಎಲ್ಲೋ ಒಂದು ಕಡೆ ಕುಸಿದು ಮುಚ್ಚಿಹೋಗಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ತಪ್ಪಾಯಿತು ಎಂದು ಹೇಳಿ ಎದ್ದ. ಅವಳು ಕೂರಲು ಹೇಳಿ, ಬಂದ ಕೆಲಸ ಏನೆಂದು ಕೇಳಿದಳು. ಹೇಳಿದ.

"ನನ್ನ ಹೆಸರು ಹಾಕ್ಸಿ."

"ನೀವು ಗಣಿಯಲ್ಲಿ ಇರಲಿಲ್ವಲ್ಲ, ಬಾನಾ ಚೋಲಾ."

"ನನ್ನ ಗಂಡ ಇದ್ರು. ಅಷ್ಟು ವರ್ಷ ನಿಮ್ಮ ಕೈಲಿ ಇಳಿದ್ರು, ನಿಮ್ಮ ಕೈಲೇ ಹತ್ತಿ ಬಂದ್ರು. ನಿಮ್ಮ ಕೆಲಸ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಎಕ್ಸಿಲ್ಡಾ ಕೇಳಿ ಹುಬ್ಬೇರಿಸಿದಳು. ಇದು ಪದ್ಧತಿಯಲ್ಲ ಎಂದಳು. ಆದರೂ ಸುಳ್ಳು ಬೆರೆಸದೆ, ಗಣಿ ಇಂಜಿನಿಯರರ ಪತ್ನಿ ಎಂದೇ ಹಾಕಿದಳು.

ಅರ್ಜಿ ಹೋಯಿತು. ಮಳೆಗಾಲ ಮುಗಿದು ಮೆಕ್ಕೆಜೋಳ ಒಣಗುವ ಹೊತ್ತಿಗೆ ಸಂದರ್ಶನಕ್ಕೆ ಕರೆ ಬಂತು. ಕಚೇರಿಯವರು ಬಾನಾ ಚೋಲಾಳಿಗೆ ಫೋನ್ ಮಾಡಿದ್ದರಂತೆ. ಚರ್ಚಿನ ಹೊರಗೆ ಅವಳೇ ಮ್ವೆನ್ಯಳಿಗೆ ಹೇಳಿದಳು:

"ಆ ಕಚೇರಿ ಹುಡುಗಿ ಕೇಳಿದ್ಲು, ಅವರ ಮೇಲೆ ದೂರು ಏನಾದ್ರೂ ಇತ್ತಾ ಅಂತ. ಇತ್ತು ಅಂದೆ. ನನ್ನ ಗಂಡನ್ನ ಒಂದಿನಾನೂ ತಡವಾಗಿ ಕಳಿಸ್ಲಿಲ್ಲ, ನಂಗೆ ನೆಮ್ಮದಿಯಾಗಿ ಹರಟೆ ಹೊಡೆಯೋಕೇ ಬಿಡ್ಲಿಲ್ಲ ಅಂದೆ."

ಮ್ವೆನ್ಯ ಬಾಯಿಗೆ, ಸೊಂಟಕ್ಕೆ ಸುತ್ತಿದ್ದ ಚಿಟೆಂಗೆ ಬಟ್ಟೆಯ ಅಂಚು ಒತ್ತಿಕೊಂಡು ನಕ್ಕಳು, ನಗುತ್ತ ಅತ್ತಳು. ಕಪಂಪ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಒಳ್ಳೆಯ ಮಾತು ಎಂದು ಅವನಿಗೂ ಅನಿಸಿತು. ಯಾರೋ ಬೇರೆಯವರ ಬಗ್ಗೆ ಆಡಿದ ಒಳ್ಳೆಯ ಮಾತಿನ ಹಾಗೆ.

ಸಂದರ್ಶನದಲ್ಲಿ ಕೂತಿದ್ದ ಯುವ ಇಂಜಿನಿಯರ್ ಗೌರವದಿಂದಲೇ ಮಾತಾಡಿದ. ಇಲ್ಲಿನ ಯಂತ್ರ ಕಂಪ್ಯೂಟರಿನಿಂದ ನಡೆಯುತ್ತದೆ, ಅದಕ್ಕೆ ತರಬೇತಿ ಪಡೆದವರನ್ನು ಆಗಲೇ ತೆಗೆದುಕೊಂಡಾಗಿದೆ ಎಂದ. ಕೇಜಿನ ಬಾಗಿಲಲ್ಲಿ ನಿಂತು, ಜನರನ್ನು ಹತ್ತಿಸಿ, ಬಾಗಿಲು ಹಾಕಿ, ಗಂಟೆ ಕೊಡುವ ಕೆಲಸವೊಂದು ಉಳಿದಿದೆ; ಆದೀತೇ ಎಂದು ಕೇಳಿದ. ಕಪಂಪ ಆದೀತು ಎಂದ. ಆಗದು ಎನ್ನುವುದಕ್ಕೂ ಒಂದು ಮನಸ್ಸು ಬೇಕು; ಅದು ಅವನಲ್ಲಿ ಇರಲಿಲ್ಲ.

ಆ ಕಡೆ ಚಳಿ ಹಿಡಿಯುವ ಜೂನ್ ತಿಂಗಳಲ್ಲಿ ಹೊರಟ. ಗಣಿಯವರು ಕೊಟ್ಟ ಕೋಣೆಯಲ್ಲಿ ಒಬ್ಬನೇ ಎನ್ಶಿಮಾ ಮುದ್ದೆ ತಿರುವಿ, ಒಣಮೀನು ಹುರಿದು ಉಣ್ಣುತ್ತಿದ್ದ. ಮೊದಲ ವಾರದ ಒಂದು ಸಂಜೆ ಮ್ವೆನ್ಯ ಫೋನ್ ಮಾಡಿ ಹೇಗಿದೆ ಎಂದು ಕೇಳಿದಳು. ಅವನು ಎಂದಿನಂತೆ ಪರವಾಗಿಲ್ಲ ಎನ್ನಲು ಹೋಗಿ ನಿಂತ.

"ಚಳಿ ಇದೆ" ಎಂದ. "ರಾತ್ರಿ ನಿದ್ದೆ ಬರಲ್ಲ."

"ಅಮ್ಮ ಹೊದೀತಿದ್ದ ಕಂಬಳಿ ಇಲ್ಲೇ ಇದೆ. ಕಳಿಸ್ಲಾ, ಬೇಡ್ವಾ?"

ಅವನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡ.

"ಕಳಿಸು" ಎಂದ ಕಪಂಪ. "ಒಗೀಬೇಡ. ಹಾಗೇ ಕಳಿಸು."